ನೊಣ ಕೂರದ ಬಂಗುಡೆ

ಮೀನುಪೇಟೆಯಲ್ಲಿ ಮೀನು ಮಾರುವ ಗುಲಾಬಿಯ ಬಂಗುಡೆಯ ಮೇಲೆ ಒಂದು ನೊಣವೂ ಕೂರುತ್ತಿರಲಿಲ್ಲ. ಅದನ್ನು ನೋಡಿ ಪಕ್ಕದ ಸೀತುವಿಗೆ ಹೊಟ್ಟೆಕಿಚ್ಚು. ಗಿರಾಕಿಗಳೆಲ್ಲ ಅವಳ ಪಾಲು, ನೊಣಗಳೆಲ್ಲ ತನ್ನ ಪಾಲು.

ಒಂದು ಬೆಳಿಗ್ಗೆ ಆಹಾರ ಸುರಕ್ಷತೆಯ ಅಧಿಕಾರಿ ಬಂದ. ಮೂಗಿಗೆ ಕರವಸ್ತ್ರ ಹಿಡಿದು ಜೊತೆಗಿದ್ದ ಸಿಬ್ಬಂದಿಗೆ ಸೀತುವಿನ ಬುಟ್ಟಿ ತೋರಿಸಿದ.

"ಇದನ್ನು ಜಪ್ತಿ ಮಾಡಿ. ಏನಮ್ಮ, ಇಷ್ಟು ನೊಣ? ಪಕ್ಕದವಳನ್ನು ನೋಡಿ ಕಲಿ."

ಆ ಕೊನೆಯ ಮಾತಿಗೆ ಸೀತುವಿನ ಮೈಯೆಲ್ಲ ಉರಿಯಿತು.

"ಕಲಿಯುತ್ತೇನೆ ಸಾಹೇಬ್ರೆ. ಮೀನು ಕಂಡರೆ ನೊಣ ಬಿಡುವುದುಂಟಾ? ಅವಳ ಮೀನಿಗೆ ಮಾತ್ರ ನೊಣವೂ ಹೆದರುತ್ತದೆ. ಅದು ಹೇಗೆ ಅಂತ ನೀವೇ ಕೇಳಿ ಹೇಳಿ."

ಅಧಿಕಾರಿ ಕರವಸ್ತ್ರ ಇಳಿಸಿದ. ಪರೀಕ್ಷಿಸಿದರೆ ಗುಲಾಬಿಯ ಮೀನಿಗೆ ಹೆಣ ಕೆಡದಂತೆ ಹಾಕುವ ಫಾರ್ಮಾಲಿನ್ ಬಿದ್ದಿತ್ತು. ಜಪ್ತಿಯಾದದ್ದು ಅವಳ ಮೀನು.

ಅಂದಿನಿಂದ ಗಿರಾಕಿಗಳು ನೊಣ ನೋಡಿಯೇ ಮೀನು ಕೊಳ್ಳತೊಡಗಿದರು. ಗುಲಾಬಿ ತಾಜಾ ಬಂಗುಡೆ ತಂದರೂ ಬುಟ್ಟಿಯ ಹಳೇ ಫಾರ್ಮಾಲಿನ್ ವಾಸನೆಗೆ ನೊಣ ಸುಳಿಯಲಿಲ್ಲ. ಕೊನೆಗೆ ಅವಳು ಮೆಲ್ಲಗೆ ಪಕ್ಕಕ್ಕೆ ಬಾಗಿದಳು.

"ಸೀತಕ್ಕ, ನಿಮ್ಮ ನೊಣ ಒಂದು ನಾಲ್ಕು ಈಚೆ ಓಡಿಸಿ ಮಾರಾಯ್ರೆ."