ಹಿಡಿದ ಕೈ ಗೊತ್ತಾಗದ ಬಳೆಗಾರ

ಒಂದಾನೊಂದು ಕಾಲ ಅಂತಿಟ್ಕೋ, ಬಳೆ ಬೇಕು ಅಂತ ಹೆಂಗಸರು ಪೇಟೆಗೆ ಹೋಗ್ತಿರಲಿಲ್ಲ, ಬಳೆಯೇ ಮನೆ ಜಗಲಿಗೆ ಬರ್ತಿತ್ತು, ಅಂಥ ಕಾಲ. ಸರಿಯಾಗಿ ಮಲಗು ಪುಟ್ಟಿ, ತಲೆ ನನ್ನ ತೋಳ ಮೇಲೆ ಇಡು, ಕಾಲು ಒದೀಬೇಡ. ತೊಂಡೆಕೆರೆ ಅಂತ ಒಂದೂರು. ಅಲ್ಲಿ ಓಬಳಶೆಟ್ಟಿ ಅಂತ ಒಬ್ಬ ಬಳೆಗಾರ ಇದ್ದನಂತೆ, ಅವನಿಗೆ ವೆಂಗಮ್ಮ ಅಂತ ಹೆಂಡ್ತಿ. ಅವಳ ನಾಲಿಗೆ ಎಂಥಾದ್ದು ಅಂದ್ರೆ, ಹಾಲಿಗೆ ನೀರು ಬೆರೆಸಿದ ದಿನ ಹಾಲಿನವಳು ಆ ಬೀದಿಗೇ ಬರ್ತಿರಲಿಲ್ಲವಂತೆ. ಯಾಕೆ ನಗ್ತೀಯ? ನಾನು ಹಂಗಲ್ಲ. ನಾನು ಇದ್ದದ್ದನ್ನ ಇದ್ದಂಗೆ ಹೇಳೋಳು, ಅಷ್ಟೆ.

ಈ ಓಬಳಶೆಟ್ಟಿ ಕೈ ಅಂದ್ರೆ ಕೈಯಂತೆ. ಹೆಂಗಸರ ಕೈ ಹಿಡಿದು, ಹೆಬ್ಬೆರಳ ಬುಡ ಮೆಲ್ಲಗೆ ಅದುಮಿ, ಮೂಳೆ ಎಲ್ಲಿ ಮಣಿಯುತ್ತೆ ಅಂತ ಬೆರಳಲ್ಲೇ ನೋಡ್ಕೊಂಡು ಬಳೆ ಏರಿಸಿಬಿಡೋನಂತೆ. ರಾಗಿ ಬೀಸಿ ಬೀಸಿ ಕಲ್ಲಾದ ಕೈಗೂ ಚಿಕ್ಕ ಅಳತೆ ಬಳೆ ತೊಡಿಸಿ, ಕಣ್ಣಲ್ಲಿ ಒಂದು ಹನಿ ನೀರು ಬರಿಸ್ತಿರಲಿಲ್ಲವಂತೆ. ಅವನ ಕೈಲಿ ಬಳೆ ಹೆಚ್ಚಿದ್ದೇ ಇಲ್ಲ. ಬಳೆ ಒಡೀತು ಅಂತ ಬಾಯಲ್ಲಿ ಅನ್ಬಾರದು, ಹೆಚ್ಚಿತು ಅನ್ಬೇಕು, ನೆನಪಿಟ್ಕೋ.

ಆಮೇಲೆ ಅವನ ಮಲಾರ. ಮಲಾರ ಅಂದ್ರೆ ಬಳೆಗಳನ್ನ ಹಗ್ಗಕ್ಕೆ ಸರಸರವಾಗಿ ಪೋಣಿಸಿ, ಎಲ್ಲ ಸೇರಿಸಿ ಕಟ್ಟಿ, ಕೆಳಗೆ ಒಂದು ಜೋಳಿಗೆ ಸಿಕ್ಕಿಸಿ ಹೆಗಲಿಗೆ ನೇತುಹಾಕ್ಕೊಳ್ಳೋದು. ಅವರ ಮನೆತನದಲ್ಲಿ ಒಂದು ಕಟ್ಟುಪಾಡಂತೆ, ಮಲಾರ ಬಲಹೆಗಲಿಗೇ ಹಾಕ್ಬೇಕು. ಎಡಹೆಗಲು ಚಟ್ಟಕ್ಕೆ ಕೊಡೋದು, ಗೌರಮ್ಮನ ಬಳೆ ಅಲ್ಲಿಗೆ ಹಾಕ್ತಾರಾ ಅಂತ. ಹಾಗಾಗಿ ಅವರ ತಾತ, ಅವರಪ್ಪ, ಎಲ್ಲರಿಗೂ ಬಲಹೆಗಲ ಮೇಲೆ ಹಗ್ಗ ಕೂತು ಕೂತು ಒಂದು ಗುಳಿ, ಸುತ್ತ ಕಾಯಿ ಕಟ್ಟಿದ ಚರ್ಮ. ಅದೇ ಅವರಿಗೆ ಹೆಮ್ಮೆ. ವೆಂಗಮ್ಮನ ಅಪ್ಪನೂ ಬಳೆಗಾರನೇ, ಹೆಣ್ಣು ಕೊಡೋ ಮುಂಚೆ ಹುಡುಗ ಹೊದ್ದಿದ್ದ ವಲ್ಲಿ ಸರಿಸಿ, ಹೆಗಲ ಕಾಯಿ ಮುಟ್ಟಿ ನೋಡಿ, ಹೂಂ, ದುಡಿಯೋ ಗಂಡು ಅಂತ ತಾಂಬೂಲ ಕೊಟ್ಟನಂತೆ. ಮುಖ ನೋಡಿದನೋ ಇಲ್ಲವೋ ಗೊತ್ತಿಲ್ಲ. ನೋಡಿದ್ರೆ ಕೊಡ್ತಿರಲಿಲ್ಲ ಅಂತ ವೆಂಗಮ್ಮನೇ ಅಂತಿದ್ದಳಂತೆ.

ಆಮೇಲೆ ಆ ಮಾವ ತೀರ್ಕೊಂಡ, ಗಂಡುಮಕ್ಕಳಿಲ್ಲ, ಅವನು ತಿರುಗ್ತಿದ್ದ ಊರುಗಳೆಲ್ಲ ಅಳಿಯನ ಪಾಲಿಗೆ ಬಂದ್ವು. ಮಲಾರ ಎರಡರಷ್ಟು ದಪ್ಪ ಆಯ್ತು, ವೆಂಗಮ್ಮನ ಮೂಗುತಿನೂ ದಪ್ಪ ಆಯ್ತು. ಆ ವರ್ಷವೇ ಓಬಳಶೆಟ್ಟಿಗೆ ಅದು ಶುರುವಾಗಿದ್ದಂತೆ. ಅದು ಅಂದ್ರೆ ಏನು ಅಂತ ಅವನಿಗೇ ಗೊತ್ತಿಲ್ಲ. ಮೊದಲು ಕಿರುಬೆರಳಲ್ಲಿ ಚುಮುಚುಮು, ಇರುವೆ ಹರಿದಂಗೆ. ಆಮೇಲೆ ಪಕ್ಕದ ಬೆರಳಿಗೆ. ಆಮೇಲೆ ಅಂಗೈಗೆ. ಆಮೇಲೆ ಬೆರಳು ಇದೆಯೋ ಇಲ್ಲವೋ ಅಂತ ಕಣ್ಣಲ್ಲಿ ನೋಡಿ ತಿಳ್ಕೋಬೇಕು, ಹಂಗಾಯ್ತಂತೆ. ಒಲೆ ಮೇಲಿನ ಬಿಸಿ ಮಡಕೆ ಬರಿಗೈಲಿ ಇಳಿಸಿದನಂತೆ, ಸುಟ್ಟಿದ್ದು ತಿಳೀಲಿಲ್ಲ. ಏನೂ ಮುಟ್ಟದೆ ಸುಮ್ಮನೆ ಕೂತಿದ್ರೆ ಮಾತ್ರ ಮೆಣಸಿನಕಾಯಿ ಅರೆದ ಕೈ ಹಂಗೆ ಉರಿಯೋದಂತೆ.

ಅವನು ಹೆಂಡ್ತಿ ಹತ್ರ ಹೇಳಿದ, ನೋಡೇ, ಬೆರಳು ಸತ್ತೋಗಿದೆ, ಆದ್ರೆ ಉರೀತಿದೆ. ವೆಂಗಮ್ಮ ಆ ಕೈ ತಿರುಗಿಸಿ ನೋಡಿದಳು, ಮೂಸಿ ನೋಡಿದಳು. ಗಾಯ ಇಲ್ಲ, ಊತ ಇಲ್ಲ, ಕೀವಿಲ್ಲ. ಸತ್ತಿದ್ರೆ ಉರಿಯೋದು ಹೆಂಗೆ, ಉರಿಯೋದಾದ್ರೆ ಸತ್ತಿರೋದು ಹೆಂಗೆ, ಮೊದಲು ಯಾವುದು ಅಂತ ತೀರ್ಮಾನ ಮಾಡ್ಕೊಂಡು ಬನ್ನಿ, ಆಮೇಲೆ ಕಷಾಯ ಕುದಿಸ್ತೀನಿ ಅಂದಳಂತೆ. ಪಾಪ, ಅವನೂ ಯೋಚನೆ ಮಾಡಿದನಂತೆ. ತೀರ್ಮಾನ ಆಗಲಿಲ್ಲ.

ಹಿಂಗಿರೋವಾಗ ಪಕ್ಕದೂರಿನ ಪಟೇಲರ ಮನೇಲಿ ಸೊಸೆ ಚಿನ್ನಾಜಮ್ಮನಿಗೆ ಸೀಮಂತ ಬಂತಂತೆ. ಈಗ ಕತೆ ಬಿಸಿಯಾಗುತ್ತೆ, ನಿದ್ದೆ ಮಾಡ್ಬೇಡ. ಬಸುರಿಗೆ ಹಸಿರು ಗಾಜಿನ ಬಳೆ ತೊಡಿಸೋಕೆ ಓಬಳಶೆಟ್ಟಿನೇ ಬೇಕು ಅಂತ ಹೇಳಿಕಳಿಸಿದ್ರು. ಹಜಾರದ ತುಂಬ ಹೆಂಗಸರು. ಚಿನ್ನಾಜಮ್ಮ ನೋಡೋಕೆ ಚೆಂದ ಅಂದ್ರೆ ಚೆಂದ, ಅವಳ ಅತ್ತೆ ಗೌಡ್ತಿ ಪಕ್ಕದಲ್ಲೇ ಕಾವಲು ಕೂತಿದ್ದಾಳೆ. ಶೆಟ್ಟಿ ಕೈ ಹಿಡಿದ, ಬಳೆ ಏರಿಸಿದ, ಏರಿಸಿ ಆದ ಮೇಲೆ ಕೈ ಬಿಡಬೇಕಲ್ಲ? ಬಿಟ್ಟಿದೀನಿ ಅಂದ್ಕೊಂಡನಂತೆ. ಅಂದ್ಕೊಂಡು ಮುಖ ಆ ಕಡೆ ತಿರುಗಿಸಿ, ಮಲಾರದಲ್ಲಿ ಮುಂದಿನ ಸರ ಯಾವುದು ಅಂತ ಎಡಗೈಲಿ ಹುಡುಕ್ತಾ ಕೂತ. ಬಲಗೈ ಮಾತ್ರ ಆ ಹೆಣ್ಣುಮಗಳ ಕೈ ಹಿಡ್ಕೊಂಡೇ ಇದೆ! ಒಬ್ಬಳು ಕೆಮ್ಮಿದಳು, ಇನ್ನೊಬ್ಬಳು ಸೆರಗು ಬಾಯಿಗೆ ಇಟ್ಕೊಂಡಳು. ಕೊನೆಗೆ ಚಿನ್ನಾಜಮ್ಮನೇ ನಕ್ಕು, ಶೆಟ್ಟ್ರೇ, ಬಳೆ ಆಯ್ತು, ನನ್ನ ಕೈ ನನಗೆ ಕೊಡ್ತೀರಾ ಅಂದಳಂತೆ. ಅವನು ಬೆಚ್ಚಿ ಕೈ ಕಿತ್ಕೊಂಡ ರಭಸಕ್ಕೆ ಎರಡು ಬಳೆ ಹೆಚ್ಚಿ ಚೂರಾದ್ವಂತೆ. ಸೀಮಂತದಲ್ಲಿ! ಗೌಡ್ತಿ ಮುಖ ಹೆಂಗಾಗಿರಬೇಕು, ನೀನೇ ಹೇಳು.

ಆಮೇಲೆ ಊರ ಬಾಯಿ. ಬಾವಿಕಟ್ಟೆಗೆ ಬರೋ ಹೊತ್ತಿಗೆ ಶೆಟ್ಟಿ ಒಂದು ಪಾವು ಅಕ್ಕಿ ಬೇಯೋಷ್ಟು ಹೊತ್ತು ಕೈ ಹಿಡಿದಿದ್ದ ಅಂತಾಯ್ತು. ಗಾಣದ ಹತ್ರ ಬರೋ ಹೊತ್ತಿಗೆ ಕಣ್ಣೀರು ಹಾಕಿದ ಅಂತಾಯ್ತು. ತೊಂಡೆಕೆರೆಗೆ ಬಂದು ವೆಂಗಮ್ಮನ ಬಾಗಿಲು ತಟ್ಟೋ ಹೊತ್ತಿಗೆ, ಹುಟ್ಟೋ ಕೂಸಿನ ಮೂಗು ಯಾರ ಹಂಗಿರುತ್ತೋ ನೋಡೋಣ ಅಂತ ಆಗಿತ್ತಂತೆ. ಎಂಥ ಜನ! ಆದ್ರೆ ಹೇಳಿದೋಳು ಚೆನ್ನಾಗಿ ಹೇಳಿದಾಳೆ, ಅದನ್ನ ಒಪ್ಕೋಬೇಕು.

ಗಂಡ ಮನೆಗೆ ಬಂದಾಗ ವೆಂಗಮ್ಮ ಹೊಸ್ತಿಲಲ್ಲೇ ಕೂತಿದ್ದಳಂತೆ. ಏನ್ರೀ, ಸತ್ತ ಬೆರಳಿಗೆ ಪಟೇಲರ ಸೊಸೆ ಕೈಲಿ ಜೀವ ಬಂತಂತೆ? ಅವನು ಆಣೆ ಇಟ್ಟ, ಗೊತ್ತೇ ಆಗಲಿಲ್ಲ ಕಣೇ, ಹಿಡಿದಿದೀನಿ ಅಂತ ತಿಳೀಲೇ ಇಲ್ಲ ಅಂತ ಗೋಗರೆದ. ಹಿಡಿದ ಕೈ ತಿಳಿಯದ ಬಳೆಗಾರ ಇದ್ದಾನಾ ಲೋಕದಲ್ಲಿ ಅಂದಳು ಅವಳು. ಇದು ರೋಗ ಅಂತ ಬಲ್ಲೋರು ಯಾರಾದ್ರೂ ಹೇಳಲಿ, ಹೆಂಗೆ ಬಂತು ಅಂತ ಹೇಳಲಿ, ಆಗ ನಂಬ್ತೀನಿ. ಇಲ್ಲಾಂದ್ರೆ ನಮ್ಮಪ್ಪನ ಊರುಗಳನ್ನ ತಗೊಂಡು ನಾನು ನಮ್ಮವ್ವನ ಮನೆಗೆ ಹೋಗ್ತೀನಿ, ನೀವು ಯಾರ ಕೈ ಬೇಕಾದ್ರೂ ಹಿಡ್ಕೊಂಡು ಕೂತ್ಕೊಳ್ಳಿ.

ಸರಿ, ಅವನು ಹೊರಟ. ಮೊದಲು ಮೈಮೇಲೆ ದೇವರು ಬರೋ ಒಬ್ಬ ಅಯ್ಯನ ಹತ್ರ. ಗೌರಮ್ಮನ ಮಲಾರ ಅಲ್ಲವಾ, ಹೊತ್ಕೊಂಡು ಆ ಜನಜಂಗುಳಿ ಒಳಗೆ ಹೋಗಬಾರದು ಅಂತ ಅದನ್ನ ಪಕ್ಕದ ಮನೆ ಜಗಲಿ ಮೇಲೆ ಚಾಪೆ ಹಾಸಿ ಇಟ್ಟು, ಸರದಿಗೆ ಕಾದ. ಕಾದೂ ಕಾದೂ ಅವನ ಸರದಿ ಬರೋ ಹೊತ್ತಿಗೆ ಕೈ ಸ್ವಲ್ಪ ಸಡಿಲ ಆಗಿತ್ತಂತೆ. ಹೆಂಗಿದೆ ಅಂತ ಅಯ್ಯ ಕೇಳಿದ್ರೆ, ಈಗ ಅಷ್ಟಿಲ್ಲ ಸ್ವಾಮಿ, ಬೆಳಿಗ್ಗೆ ಜೋರಿತ್ತು ಅಂದ. ಅಯ್ಯ ಗುಡುಗಿದನಂತೆ, ಗೌರಿ ಮುನಿಸಿದಾಳೆ, ಹಿತ್ತಾಳೆ ಗೌರಿ ಮಾಡಿಸಿ ಮಲಾರದಲ್ಲೇ ಹೊತ್ಕೊಂಡು ತಿರುಗು, ಹುಳಿ ಮುಟ್ಟಬೇಡ. ಹಿತ್ತಾಳೆ ಗೌರಿ ಜೋಳಿಗೆಗೆ ಬಿತ್ತು. ಕೈ ಇನ್ನಷ್ಟು ಕೆಡ್ತು.

ಆಮೇಲೆ ನಾಟಿ ಪಂಡಿತ. ಅಲ್ಲೂ ಮಲಾರ ಹೊರಗೆ, ಇವನು ಒಳಗೆ, ಅಲ್ಲೂ ಕೈ ಸ್ವಲ್ಪ ಸಡಿಲ. ಪಂಡಿತ ನಾಡಿ ಹಿಡಿದು, ಇದು ವಾಯು ಅಂದ. ಒಂದು ತಾಮ್ರದ ಚೆಂಬಿನ ತುಂಬ ಎಣ್ಣೆ ಕೊಟ್ಟು, ಯಾವೂರಿಗೆ ಹೋದ್ರೂ ಜೊತೆಗಿರಲಿ, ಕೂತಲ್ಲೆಲ್ಲ ಬೆರಳಿಗೆ ತಿಕ್ಕು, ಸಿಹಿ ಬಿಡು ಅಂದನಂತೆ. ಚೆಂಬೂ ಜೋಳಿಗೆಗೆ ಬಿತ್ತು. ಈಗ ಬೆರಳು ಸತ್ತದ್ದಲ್ಲದೆ ಜಾರೋಕೂ ಶುರುವಾಯ್ತು.

ಆಮೇಲೆ ಪಟ್ಟಣದ ದೊಡ್ಡ ಹಕೀಮರು. ಅವರು ಸೂಜಿ ಚುಚ್ಚಿದ್ರು, ಬೆರಳು ಎಳೆದ್ರು, ಬೆಳಕಿಗೆ ಹಿಡಿದು ನೋಡಿದ್ರು. ಆಮೇಲೆ, ಬೆರಳಲ್ಲಿ ಏನೂ ಇಲ್ಲ, ಎಲ್ಲ ನಿನ್ನ ಮನಸ್ಸಿನ ಕೊರಗು, ಒಂದು ಗುಂಡುಕಲ್ಲು ಜೊತೆಗಿಟ್ಕೋ, ಹೋದಲ್ಲೆಲ್ಲ ಎತ್ತಿ ಇಳಿಸು, ಬಲ ಬರುತ್ತೆ, ಉಪ್ಪು ತಿನ್ನಬೇಡ ಅಂದರಂತೆ. ಗುಂಡುಕಲ್ಲೂ ಜೋಳಿಗೆಗೆ ಬಿತ್ತು. ಹುಳಿ ಇಲ್ಲ, ಸಿಹಿ ಇಲ್ಲ, ಉಪ್ಪಿಲ್ಲ, ಊಟಕ್ಕೆ ಕೂತ್ರೆ ತಿನ್ನೋಕೆ ಉಳಿದಿದ್ದು ಎಲೆ ಒಂದೇ. ಅವನಿಗೆ ಏನೂ ತಿಳೀತಿಲ್ಲ. ಒಂದು ದಿನ ಗೌರಿ ಅಂತಾನೆ, ಒಂದು ದಿನ ವಾಯು ಅಂತಾನೆ, ಒಂದು ದಿನ ಕನ್ನಡಿ ಮುಂದೆ ನಿಂತು, ನಿಜವಾಗಿ ನಂಗೆ ಆ ಹುಡುಗಿ ಮೇಲೆ ಮನಸ್ಸಿತ್ತಾ ಅಂತ ತನ್ನನ್ನೇ ಕೇಳ್ಕೊಂಡನಂತೆ. ಯಾರ ಮಾತು ನಂಬಬೇಕು ಅಂತ ಗೊತ್ತಾಗದೇ ಇದ್ರೆ ಮನುಷ್ಯ ಹಂಗಾಗ್ತಾನೆ.

ಬೆರಳಲ್ಲಿ ಏನೂ ಇಲ್ಲ ಅಂತ ಹಕೀಮರೇ ಹೇಳಿದ್ರು ಅನ್ನೋದು ವೆಂಗಮ್ಮನ ಕಿವಿಗೆ ಬಿತ್ತು. ಸಾಕಲ್ಲ? ಗಂಟು ಕಟ್ಟಿದಳು. ಕಟ್ಟಿದ ಗಂಟು ಮತ್ತೆ ಬಿಚ್ಚಿದಳು. ಯಾಕೆ ಬಿಟ್ಟು ಹೋಗಲಿಲ್ಲ ಅಂತೀಯಾ? ಬಿಟ್ಟುಹೋದ್ರೆ ಊರು ಹೇಳಿದ್ದು ಸರಿ ಅಂತಾಗುತ್ತೆ, ಊರನ್ನ ಗೆಲ್ಲೋಕೆ ಅವಳು ಬಿಡ್ತಾಳಾ? ಇನ್ಮೇಲೆ ಮಲಾರ ನಾನು ಹೊರ್ತೀನಿ, ಬಳೆ ನಾನೇ ತೊಡಿಸ್ತೀನಿ, ನೀವು ಬರಿಗೈಲಿ ನನ್ನ ಕಣ್ಣ ಮುಂದೆ ನಡೀರಿ ಅಂದಳಂತೆ. ಬಳೆಗಾರನ ಮಗಳು, ತೊಡಿಸೋಕೆ ಬರುತ್ತೆ. ಗೌರಿ, ಚೆಂಬು, ಕಲ್ಲು ಎಲ್ಲ ಹಂಗೇ ಇರೋ ಮಲಾರ ಎತ್ತಿ, ಕಟ್ಟುಪಾಡಿನ ಹಂಗೆ ಬಲಹೆಗಲಿಗೇ ಹಾಕ್ಕೊಂಡು ಹೊರಟಳು.

ಒಂದೆರಡು ತಿಂಗಳು ಕಳೀತು. ಮುಂದೆ ನಡೀತಿದ್ದ ಗಂಡನ ಬೆರಳಿಗೆ ಉರಿ ಜಾಸ್ತಿ ಆಯ್ತು, ಚುಚ್ಚೋಕೆ ಶುರುವಾಯ್ತು. ಅಯ್ಯೋ ಮುಗೀತು ನನ್ನ ಕತೆ ಅಂದ್ಕೊಂಡನಂತೆ. ಆಮೇಲೆ ಒಂದು ಬೆಳಿಗ್ಗೆ ಮುಖ ತೊಳೆಯುವಾಗ ನೀರು ತಣ್ಣಗಿದೆ ಅಂತ ಹೆಬ್ಬೆರಳಿಗೆ ತಿಳೀತು. ಅವನು ಯಾರಿಗೂ ಹೇಳಲಿಲ್ಲ. ಹೇಳಿದ್ರೆ ನೋಡು, ಸುಳ್ಳು ಹೇಳ್ತಿದ್ದ ಅಂತಾರೆ ಅನ್ನೋ ಭಯ. ಹಿಂದೆ ಬರ್ತಿದ್ದ ವೆಂಗಮ್ಮನೂ ಏನೋ ಒಂದನ್ನ ಯಾರಿಗೂ ಹೇಳ್ತಿರಲಿಲ್ಲ. ಅವಳಿಗೆ ಇನ್ನೊಂದು ಭಯ.

ಆಮೇಲೆ ಚಿನ್ನಾಜಮ್ಮ ಹೆತ್ತಳು. ಮೂಗು ಪಟೇಲರದ್ದೇ, ಅಷ್ಟಗಲ. ಹೆಸರಿಡೋ ದಿನ ಬಾಣಂತಿಗೆ ಬಳೆ ತೊಡಿಸಿ, ಆಮೇಲೆ ವೆಂಗಮ್ಮ ಗೌಡ್ತಿ ಮುಂದೆ ಕೂತು ಅವಳ ಕೈ ಹಿಡಿದು ಬಳೆ ಏರಿಸಿದಳು. ಏರಿಸಿ ಆಯ್ತು. ವೆಂಗಮ್ಮ ಆ ಕಡೆ ತಿರುಗಿ, ಕೂಸಿಗೆ ಏನು ಹೆಸರಿಟ್ರಿ ಅಂತ ಮಾತಿಗೆ ಕೂತಳು. ಕೈ ಬಿಟ್ಟಿಲ್ಲ! ಗೌಡ್ತಿ ನೋಡಿದಳು, ನೋಡಿದಳು, ಆಮೇಲೆ ಅಂದಳಂತೆ, ಏನೇ ವೆಂಗಮ್ಮ, ಹಿಡಿದ ಕೈ ಬಿಡದೇ ಇರೋದು ನಿಮ್ಮ ಮನೇಲಿ ಎಲ್ರಿಗೂ ಪದ್ಧತೀನಾ? ನಾನು ಮುದುಕಿ ಕಣೇ, ನನ್ನಲ್ಲೇನು ಕಂಡೆ?

ಹಜಾರ ಪೂರ್ತಿ ನಕ್ಕಿತು. ವೆಂಗಮ್ಮ ನಗಲಿಲ್ಲ. ತನ್ನ ಕೈಯನ್ನೇ ನೋಡಿದಳು, ಬೇರೆ ಯಾರದ್ದೋ ಕೈ ನೋಡಿದಂಗೆ. ಆಮೇಲೆ ಬಾಗಿಲ ಹತ್ರ ನಿಂತಿದ್ದ ಗಂಡನ ಕಡೆ ನೋಡಿ, ರೀ, ಗೊತ್ತೇ ಆಗಲಿಲ್ಲ ಕಣ್ರೀ ಅಂದಳಂತೆ.

ನಾನೂ ಅದನ್ನೇ ಹೇಳಿದ್ದು ಕಣೇ, ಅಂದನಂತೆ ಅವನು.

ಅಷ್ಟು ಸಾಕಾಯ್ತು, ಹೆಂಗಸರೆಲ್ಲ ಹಿಂದೆ ಸರಿದ್ರು. ಅಂಟುರೋಗ ಅಂದಳು ಒಬ್ಬಳು. ಗಂಡನ ಮೇಲಿನ ಮಾಟ ಹೆಂಡ್ತಿಗೆ ಹಾರಿದೆ ಅಂದಳು ಇನ್ನೊಬ್ಬಳು. ಬಳೇಲೇ ವಿಷ ಇದೆ ಅಂತ ಮತ್ತೊಬ್ಬಳು ತೊಟ್ಟಿದ್ದನ್ನ ಕಳಚೋಕೆ ಶುರುಮಾಡಿದಳು. ಇನ್ನು ಯಾವೂರಲ್ಲೂ ಇವರಿಗೆ ಜಗಲಿ ಹತ್ತೋಕೆ ಬಿಡಲ್ಲ ಅಂತ ಗಂಡ ಹೆಂಡಿರಿಗೆ ಖಾತ್ರಿಯಾಯ್ತಂತೆ. ಮೊದಲು ಆ ಮಲಾರ ಅಂಗಳಕ್ಕೆ ಹಾಕಿ ಅಂತ ಗೌಡ್ತಿ ಕೂಗಿದಳು. ಆಳು ಬಂದು ಒಂದು ಕೈಲಿ ಎತ್ತೋಕೆ ಹೋದ, ಏಳಲಿಲ್ಲ. ಎರಡು ಕೈ ಹಾಕಿದ, ತಿಣುಕಿದ. ಏನಮ್ಮ, ಕಲ್ಲು ತುಂಬಿದೀರಾ ಅಂದ. ಹೂಂ, ತುಂಬಿದೀವಿ ಅಂದನಂತೆ ಓಬಳಶೆಟ್ಟಿ. ಜೋಳಿಗೆ ಸುರಿದ್ರೆ ಗೌರಿ, ಚೆಂಬು, ಗುಂಡುಕಲ್ಲು ದಡದಡ ಅಂತ ಬಿದ್ವು.

ಆಗ ಬಾಣಂತಿ ಚಿನ್ನಾಜಮ್ಮ, ತೋಳ ಮೇಲೆ ಕೂಸು ಮಲಗಿತ್ತು, ಅತ್ತೇ, ಇದು ಇಷ್ಟೇ ಇಷ್ಟಿದೆ, ಇದು ಮಲಗಿದ್ರೇ ನನ್ನ ಕೈ ಜೋಮು ಹಿಡಿದು ನನ್ನದಲ್ಲ ಅನ್ಸುತ್ತೆ, ಅವರು ಅಷ್ಟು ದಿನ ಅದನ್ನ ಹೊತ್ತಿದಾರಲ್ಲ ಅಂದಳಂತೆ. ವೆಂಗಮ್ಮ ಸೆರಗು ಸರಿಸಿ ತನ್ನ ಹೆಗಲು ಮುಟ್ಕೊಂಡಳು, ಹಗ್ಗ ಕೂತಲ್ಲಿ ಹಸಿ ಗುಳಿ. ಎದ್ದುಹೋಗಿ, ಅಷ್ಟು ಜನರ ಮುಂದೆ, ಗಂಡನ ವಲ್ಲಿ ಎಳೆದಳು. ಅದೇ ಜಾಗ, ಅದೇ ಗುಳಿ, ಅವಳಪ್ಪ ಮುಟ್ಟಿ ಮೆಚ್ಚಿದ್ದು. ಅದರ ಮೇಲೆ ಬೆರಳಿಟ್ಟು ಒತ್ತಿದಳು, ಅವನಿಗೆ ಕಿರುಬೆರಳ ತನಕ ಸುಳುಕ್ ಅಂತ ಮಿಂಚು ಹರೀತಂತೆ. ಎಲ್ಲರೂ ಬೆರಳು ನೋಡಿದ್ರು, ಹೆಗಲು ಯಾರೂ ನೋಡಿರಲಿಲ್ಲ. ನಾನಂತೂ ದಿನಾ ಈ ಹೆಗಲು ನೋಡ್ತಿದ್ದೆ, ಹೆಮ್ಮೆಪಡ್ತಿದ್ದೆ ಅಂತ ವೆಂಗಮ್ಮ ಅಳೋಕೆ ಶುರುಮಾಡಿದಳಂತೆ. ಅವಳು ಅತ್ತಿದ್ದನ್ನ ಆ ಊರು ಮೊದಲ ಸಲ ನೋಡಿದ್ದು.

ಆಮೇಲೆ ಏನಾಯ್ತು? ಗೌರಿ ಮನೆ ದೇವರಗೂಡು ಸೇರಿದಳು, ಎಣ್ಣೆ ದೀಪಕ್ಕಾಯ್ತು, ಗುಂಡುಕಲ್ಲು ಚಟ್ನಿ ಅರೆಯೋಕಾಯ್ತು. ಮಲಾರವನ್ನ ಎರಡು ಪಾಲು ಮಾಡಿ ಇಬ್ಬರೂ ಹೊತ್ತು, ಸಾಕಾದಾಗ ಎಡಹೆಗಲಿಗೂ ಹಾಕ್ಕೊಂಡ್ರು. ಗೌರಮ್ಮ ಏನೂ ಅನ್ನಲಿಲ್ಲ. ವೆಂಗಮ್ಮನ ಕೈ ಬೇಗ ಸರಿಹೋಯ್ತು. ಅವನದ್ದು ನಿಧಾನ, ಬಂದಂಗೆ ಆಗೋದು, ಹೋದಂಗೆ ಆಗೋದು. ವಾಸಿಯಾಗಿದ್ದು ನನ್ನ ಗೌರಿಯಿಂದ ಅಂತ ಅಯ್ಯ, ನನ್ನ ಎಣ್ಣೆಯಿಂದ ಅಂತ ಪಂಡಿತ, ನನ್ನ ಕಲ್ಲಿಂದ ಅಂತ ಹಕೀಮ, ಇವತ್ತಿಗೂ ಜಗಳ ಆಡ್ತಿದಾರಂತೆ. ಒಮ್ಮೊಮ್ಮೆ ಓಬಳಶೆಟ್ಟಿಗೂ ಅನುಮಾನ ಬರೋದಂತೆ, ಹಗ್ಗವೇ ಕಾರಣವಾದ್ರೆ ಕಿರುಬೆರಳು ಯಾಕೆ ಇನ್ನೂ ಬಂದಿಲ್ಲ ಅಂತ. ಆ ಕಿರುಬೆರಳು, ಪಕ್ಕದ ಬೆರಳು, ಎರಡೂ ಕೊನೇ ತನಕ ಸರಿಯಾಗಿ ಬರಲೇ ಇಲ್ಲವಂತೆ.

ಆದ್ರೆ ಅವನು ಮತ್ತೆ ಬಳೆ ತೊಡಿಸೋಕೆ ಕೂತ. ಪಕ್ಕದಲ್ಲಿ ವೆಂಗಮ್ಮ ಕೂತು, ಬಳೆ ಏರಿದ ಕೂಡಲೇ, ರೀ, ಆಯ್ತು, ಕೈ ಬಿಡಿ ಅನ್ನೋಳಂತೆ. ಅವನು ಬಿಡೋನಂತೆ. ಊರೂರಿಗೂ ಅದು ಅಭ್ಯಾಸ ಆಗಿ, ಯಾರೂ ನಗ್ತಿರಲಿಲ್ಲವಂತೆ. ಹಬ್ಬದ ದಿನ ಮಾತ್ರ ಅವನು ಮನೇಲಿ ಹೆಂಡ್ತಿಗೆ ಬಳೆ ತೊಡಿಸೋನು. ಬಳೆ ಏರೋದು, ಅವನು ಆ ಕಡೆ ತಿರುಗಿ ಏನೋ ಮಾತಾಡ್ತಾ ಕೂರೋನು, ಕೈ ಬಿಟ್ಟಿದೀನಿ ಅಂದ್ಕೊಂಡು. ಅವಳು ಮಾತ್ರ ಕೈ ಬಿಡಿ ಅಂತ ಹೇಳ್ತಾನೇ ಇರಲಿಲ್ಲವಂತೆ.

ಅವರು ಹಂಗೇ ಕೂತಿರಲಿ, ನಮ್ಮ ಕತೆ ಇಲ್ಲಿಗೆ ಮುಗೀತು. ಏಳು, ತಲೆ ಆ ಕಡೆ ಇಡು, ನನ್ನ ತೋಳು ಆಗಲೇ ಜೋಮು ಹಿಡಿದಿದೆ. ಪುಟ್ಟೀ? ಮಲಗಿಬಿಟ್ಯಾ? ಹೋಗ್ಲಿ, ಹಂಗೇ ಇರು.