ಸಂಕವ್ವನ ಮಗ ಚಿತ್ರ ಹಾಸಿದ್ದು

ಊರೆಂದ ಮೇಲೆ ಒಬ್ಬ ಪೆದ್ದ ಇರಬೇಕಲ್ಲ, ಈ ಊರಿನ ಪೆದ್ದ ಸಂಕವ್ವನ ಮಗ ಭರಮ. ಆಳು ಬಾಗಿಲೆತ್ತರ, ಬುದ್ಧಿ ಹೊಸ್ತಿಲೆತ್ತರ. ಮೀಸೆ ಬಂದು ಎಷ್ಟೋ ವರ್ಷವಾಗಿತ್ತು, ಬುದ್ಧಿ ಮಾತ್ರ ಇನ್ನೂ ದಾರಿಯಲ್ಲೇ ಇತ್ತು.

ಸಂಕವ್ವ ಚಿತ್ರ ಹಾಸಿ ಶಕುನ ಹೇಳುವವಳು. ಅಂದರೆ, ಅವಳ ಹತ್ತಿರ ಅತ್ತೆಯ ಕಾಲದ ಬಣ್ಣದ ಚಿತ್ರಗಳ ಕಟ್ಟೊಂದಿತ್ತು. ಒಂದರಲ್ಲಿ ಸೂರ್ಯ, ಒಂದರಲ್ಲಿ ಬಾವಿ, ಒಂದರಲ್ಲಿ ತೊಟ್ಟಿಲು, ಹಾವು, ಒಡೆದ ಗಡಿಗೆ, ಚಟ್ಟ, ಹೀಗೆ. ಯಾರಾದರೂ ಪ್ರಶ್ನೆ ಕೇಳಿದರೆ ಚಿತ್ರಗಳನ್ನು ಕಲಸಿ ಚಾಪೆಯ ಮೇಲೆ ಒಂದು ಕ್ರಮದಲ್ಲಿ ಇಡುವಳು. ಹಾಗೆ ಇಡುವುದಕ್ಕೇ ಹಾಸು ಎನ್ನುವುದು. ಬೇರೆಯವರು ಎಲ್ಲ ಪ್ರಶ್ನೆಗೂ ಒಂದೇ ಹಾಸು ಹಾಸುತ್ತಾರೆ. ಸಂಕವ್ವ ಪ್ರಶ್ನೆಗೊಂದು ಹೊಸ ಹಾಸು ಹುಟ್ಟಿಸುವಳು. ಅದಕ್ಕೇ ಅವಳಿಗೆ ಹೆಸರು.

ಈಗ ಅವಳ ಕಣ್ಣಿಗೆ ಪೊರೆ ಬಂದಿತ್ತು. ಸೂರ್ಯ ಯಾವುದು, ಗಡಿಗೆ ಯಾವುದು ತಿಳಿಯದಾಗಿತ್ತು. ಕಣ್ಣಿನ ಚಿಂತೆ ಅವಳಿಗಿರಲಿಲ್ಲ. ತಾನು ಹೋದ ಮೇಲೆ ಈ ಮಂಕನಿಗೆ ಅನ್ನ ಹಾಕುವವರು ಯಾರು ಎಂಬುದೊಂದೇ ಚಿಂತೆ. ಕಸುಬು ಕಲಿತರೆ ನಾಲ್ಕು ಮನೆಯವರು ಕರೆದಾರು, ಕರೆದವರು ಉಣಿಸಿಯಾರು.

"ನೋಡಪಾ ಭರಮಾ, ಪ್ರಶ್ನೆ ಹ್ಯಾಂಗೈತೋ ಹಾಸೂ ಹಂಗಿರಬೇಕು. ತಿಳೀತಿಲ್ಲೋ?"

"ತಿಳೀತವ್ವ."

ಬಾಳಪ್ಪನ ಎಮ್ಮೆ ಕಳೆದಿತ್ತು. ಭರಮ ಹೋದ. ಪ್ರಶ್ನೆ ಎಮ್ಮೆಯದು ಅಂದ ಮೇಲೆ ಹಾಸೂ ಎಮ್ಮೆಯಂತಿರಬೇಕಲ್ಲ. ನಾಲ್ಕು ಕಾಲು ಇಟ್ಟ, ಎರಡು ಕೋಡು ಇಟ್ಟ, ಉದ್ದಕ್ಕೆ ಬಾಲ ಇಟ್ಟ.

"ನನ್ನ ಎಮ್ಮಿ ಎಲ್ಲೈತಪಾ?"

"ಇಲ್ಲೇ ಐತಲ್ಲ ಕಾಕಾ. ಕೆಚ್ಚಲಿಗೆ ಚಿತ್ರ ಸಾಲಲಿಲ್ಲ, ಹಾಲು ಮಾತ್ರ ಕೇಳಬ್ಯಾಡ್ರಿ."

ಬಾಳಪ್ಪ ಬಂದು ಹೇಳಿದಾಗ ಸಂಕವ್ವ ಸೆರಗನ್ನು ಮುಖಕ್ಕೆಳೆದುಕೊಂಡಳು. ತಪ್ಪು ಮಗನದು, ನಾಚಿಕೆ ತಾಯಿಯದು. ಅವನು ಹೋದ ಮೇಲೆ ಮಗನನ್ನು ಬೈದಳು.

"ಎಮ್ಮಿ ಹಾಸೋದಲ್ಲೋ ಮಂಕ, ಅದು ಹೋದ ದಾರಿ ಹಾಸಬೇಕು. ಪ್ರಶ್ನೆ ಎಲ್ಲಿ ಸುರುವಾತೋ ಅಲ್ಲಿ ಮೊದಲ ಚಿತ್ರ, ಎಲ್ಲಿ ಮುಗೀತೈತೋ ಅಲ್ಲಿ ಕಡೀ ಚಿತ್ರ."

"ಹಂಗs ಮಾಡ್ತೀನವ್ವ."

ಸಂಕವ್ವನ ಮುಖ ನೋಡಿ ಕಂಬಾರ ಈರಣ್ಣ ಕರೆಸಿದ. ಮಗನಿಗೆ ಪಕ್ಕದ ಊರಿನಲ್ಲಿ ಹೆಣ್ಣು ನೋಡಿದ್ದ; ಸಂಬಂಧ ಕೂಡಿಬರುತ್ತದೋ ಇಲ್ಲವೋ ಎಂಬುದು ಪ್ರಶ್ನೆ. ಇಂಥದ್ದಕ್ಕೆ ಸಂಕವ್ವನಾದರೆ ಚಾಪೆಯ ಮೇಲೇ ಎರಡು ಮನೆ ಮಾಡಿ ನಡುವೆ ದಾರಿ ಹಾಸುತ್ತಿದ್ದಳು. ಭರಮ ಈರಣ್ಣನ ಹೊಸ್ತಿಲಲ್ಲಿ ಮೊದಲ ಚಿತ್ರ ಇಟ್ಟ. ಊರ ಅಗಸೆಬಾಗಿಲು ದಾಟಿ ಇನ್ನೊಂದು ಇಟ್ಟ. ಹಳ್ಳ ದಾಟಿ ಮತ್ತೊಂದು ಇಟ್ಟ. ಸೂರ್ಯನನ್ನು ಹಿಂದಿನಿಂದ ಬಂದ ಆಡು ತಿಂದಿತು. ಹೆಣ್ಣಿನ ಮನೆ ಮುಟ್ಟುವ ಹೊತ್ತಿಗೆ ಕೈಯಲ್ಲಿ ಉಳಿದದ್ದು ಚಟ್ಟ. ಅದನ್ನು ಅವರ ಹೊಸ್ತಿಲ ಮೇಲೆ ನೀಟಾಗಿ ಇಟ್ಟ. ಹೆಣ್ಣಿನ ಅಜ್ಜಿ ಬಾಗಿಲು ತೆರೆದಳು, ಚಟ್ಟ ಕಂಡಳು, ಬಾಗಿಲು ಹಾಕಿಕೊಂಡಳು. ಭರಮ ದಾರಿಯುದ್ದಕ್ಕೂ ಚಿತ್ರಗಳನ್ನು ಆಯ್ದುಕೊಂಡು ಮರಳಿದ.

"ಸಂಕಕ್ಕಾ, ಅವರು ಹೆಣ್ಣು ಕೊಡೂದಿಲ್ಲಂದ್ರು," ಅಂದ ಈರಣ್ಣ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನಿಸಿತು ಸಂಕವ್ವನಿಗೆ. ಅವತ್ತು ಅವಳು ಒಲೆ ಹಚ್ಚಲಿಲ್ಲ.

"ಕೆಟ್ಟದ್ದು ಬಂದ್ರ ಮಂದಿಗೆ ತೋರಸಬಾರದೋ. ಬಂದ ಕೂಡಲೇ ಬೋರಲ ಹಾಕಿಬಿಡು."

ಬೋರಲು ಹಾಕುವುದೆಂದರೆ ಚಿತ್ರದ ಮುಖ ಕೆಳಗೆ ಮಾಡುವುದು. ಚಿತ್ರದ್ದು ಎಂದು ಅವಳು ಬಿಡಿಸಿ ಹೇಳಲಿಲ್ಲ. ಬಿಡಿಸಿ ಹೇಳಬೇಕಾಗಿತ್ತು.

ಎದುರು ಮನೆಯ ನೀಲಗಂಗವ್ವ, ಮಗಳು ಹೆರಿಗೆಗೆ ತವರಿಗೆ ಯಾವಾಗ ಬಂದಾಳು ಎಂದು ಕೇಳಲು ಕರೆದಳು. ಭರಮ ಚಿತ್ರ ಹಾಸುತ್ತಿದ್ದ. ಅಷ್ಟರಲ್ಲಿ ಅವಳ ಸೋದರಮಾವ ಬಂದ. ದಿನವೂ ಉಣ್ಣುವ ಹೊತ್ತಿಗೆ ಬರುವ ಮಾವ.

"ಬಂತು ನೋಡು ಕೆಟ್ಟದ್ದು," ಅಂದಳು ನೀಲಗಂಗವ್ವ, ಬಾಯೊಳಗೇ.

ಭರಮ ಎದ್ದ. ಮಾವನ ಸೊಂಟ ಹಿಡಿದ. ಚಾಪೆಯ ಮೇಲೆ ಬೋರಲು ಹಾಕಿ, ಏಳದಂತೆ ಬೆನ್ನ ಮೇಲೆ ಕೂತ.

"ಏ, ಏನೋ ಇದು?"

"ಸುಮ್ಮನಿರ್ರಿ. ನೀವು ಕೆಟ್ಟದ್ದಂತ, ಅಕ್ಕಾರು ಅಂದ್ರು. ಮಂದಿಗೆ ಕಾಣಬಾರದು."

ನೀಲಗಂಗವ್ವ ಸಂಕವ್ವನ ಮುಂದೆ ಬಂದು ಅತ್ತೇಬಿಟ್ಟಳು. "ಮಾವಗ ಇನ್ನ ಹ್ಯಾಂಗ ಮುಖ ತೋರಸಲಿ, ಹೇಳು."

ಸಂಕವ್ವ ತಾನೂ ಮುಖ ತೋರಿಸುವುದನ್ನು ಬಿಟ್ಟಳು. ಬಾಗಿಲು ಮುಂದೆ ಮಾಡಿ ಒಳಗೆ ಕೂತಳು. ನೀರಿಗೂ ಕತ್ತಲಾದ ಮೇಲೆ ಗೋಡೆ ಹಿಡಿದು ಹೋಗತೊಡಗಿದಳು.

"ಇನ್ನ ನೀ ಏನೂ ಹೇಳಬ್ಯಾಡೋ ಮಾರಾಯ. ಚಿತ್ರ ಅವರಿಗೇ ತೋರಿಸು. ಇದರಾಗ ನಿಮಗೇನು ಕಾಣತೈತಿ ಅಂತ ಕೇಳು. ಅವರು ಏನಂದ್ರೂ, ಹೌದು, ಅದೇ, ಅನ್ನು. ಸಾಕು."

ಹೇಳಿದಳು, ಆದರೆ ಕರೆಯುವವರು ಯಾರು? ಯಾರೂ ಕರೆಯಲಿಲ್ಲ. ಕಡೆಗೆ ತಾನೇ ಮಗನ ಮುಂದೆ ಕೂತಳು.

"ನಾನs ಕೇಳ್ತೀನಿ, ಹಾಸು. ನಾ ಸತ್ತ ಮ್ಯಾಲ ನಿನಗ ಅನ್ನ ಹಾಕೋರು ಯಾರು?"

ಭರಮ ಒಂದು ಚಿತ್ರ ತೆಗೆದು ಹಿಡಿದ. "ಇದರಾಗ ನಿಮಗೇನು ಕಾಣತೈತಿ?"

"ಏನೂ ಕಾಣವಲ್ದೋ."

"ಹೌದು, ಅದೇ."

ಶಕುನ ಅದೇ ಆಗಿಬಿಟ್ಟೀತೆಂದು ಸಂಕವ್ವ ಚಿತ್ರವನ್ನು ಪಕ್ಕಕ್ಕೆ ಸರಿಸಿದಳು. "ಕತ್ತಲೈತಿ ಇಲ್ಲಿ. ಬೆಳಕಿಗೆ ತಗೊಂಡು ನಡಿ," ಅಂದಳು. ಚಿತ್ರವನ್ನು ಕಿಟಕಿಗೆ ಒಯ್ಯಲಿ ಎಂದು ಅವಳ ಮನಸ್ಸಿನಲ್ಲಿತ್ತು. ಭರಮ ಚಿತ್ರವನ್ನೂ ಅದರ ಕಟ್ಟನ್ನೂ ತಗೊಂಡ, ಚಾಪೆಯನ್ನೂ ತಗೊಂಡ, ಚಾಪೆಯ ಮೇಲಿದ್ದ ಅವ್ವನನ್ನೂ ತಗೊಂಡ. ಊರಿನಲ್ಲಿ ಎಲ್ಲಕ್ಕಿಂತ ಬೆಳಕಿದ್ದ ಜಾಗ ನಡುಬೀದಿ. ಅಲ್ಲಿ ಇಳಿಸಿದ.

ಯಾರಿಂದ ಮುಖ ಮರೆಸಿಕೊಂಡಿದ್ದಳೋ ಅವರೆಲ್ಲ ಬಂದು ಸುತ್ತ ನಿಂತರು. ಸಂಕವ್ವ ಸೆರಗೊಳಗೆ ಮುದುಡಿದಳು. ಭರಮ ಚಿತ್ರವನ್ನು ಬಾಳಪ್ಪನ ಮೂಗಿಗೆ ಹಿಡಿದ.

"ಇದರಾಗ ನಿಮಗೇನು ಕಾಣತೈತಿ?"

"ಒಡದ ಗಡಿಗಿ," ಅಂದ ಬಾಳಪ್ಪ, ನಗುತ್ತ.

"ಹೌದು, ಅದೇ."

"ಪ್ರಶ್ನೆ ಏನೋ?" ಅಂದ ಈರಣ್ಣ.

"ಅವ್ವ ಸತ್ತ ಮ್ಯಾಲ ನನಗ ಅನ್ನ ಹಾಕೋರು ಯಾರಂತ."

ನಗು ನಿಂತಿತು. ಬಾಳಪ್ಪ ನೆಲ ನೋಡಿದ. ಈರಣ್ಣ ಅತ್ತ ತಿರುಗಿದ. ಸಂಕವ್ವನಿಗೆ ಭೂಮಿ ಬಾಯಿ ಬಿಟ್ಟರೆ ಸಾಕಾಗಿತ್ತು.

ನೀಲಗಂಗವ್ವ ತನ್ನ ಬಾಗಿಲಲ್ಲಿ ನಿಂತು ಹೇಳಿದಳು: "ಬಿಸಿಲಾಗ ಯಾಕ ಕುಂದರಿಸೀದಿ ಆಕೀನ? ಎತ್ತಿ ಒಳಗ ಕರಕೊಂಡು ಹೋಗು."

ಭರಮ ಎತ್ತಿದ. ಹೇಳಿದವಳನ್ನೇ ಸರಿಸಿ, ಅವಳ ಬಾಗಿಲಲ್ಲೇ ಒಳಗೆ ಹೋಗಿ, ಅವಳ ಒಲೆಯ ಪಕ್ಕ ಅವ್ವನನ್ನು ಕೂರಿಸಿದ. ತಾನೂ ಕೂತು ತಾಟು ಎಳೆದುಕೊಂಡ.

"ಇದು ನಮ್ಮನಿ ಅಲ್ಲೋ," ಪಿಸುಗುಟ್ಟಿದಳು ಸಂಕವ್ವ.

"ಒಳಗ ಅಂದ್ರವ್ವ. ಇದು ಒಳಗs ಐತಿ."

ನೀಲಗಂಗವ್ವ ಒಳಗೆ ಬಂದು ಬುಟ್ಟಿಯಿಂದ ರೊಟ್ಟಿ ತೆಗೆದು ಅವನ ತಾಟಿಗೆ ಹಾಕಿದಳು. ಭರಮ ಅದನ್ನೆತ್ತಿ ಅವಳ ಮುಖಕ್ಕೆ ಹಿಡಿದ.

"ಇದರಾಗ ನಿಮಗೇನು ಕಾಣತೈತಿ?"

"ರೊಟ್ಟಿ."

"ಹೌದು, ಅದೇ," ಅಂದ ಭರಮ. ಅಂದು, ಅದೂ ಒಂದು ಚಿತ್ರವೆಂದುಕೊಂಡು ಜೋಪಾನವಾಗಿ ಉಳಿದ ಚಿತ್ರಗಳ ಜೊತೆ ಸೇರಿಸಿ ಕಟ್ಟು ಕಟ್ಟಿ, ಹಸಿದ ಹೊಟ್ಟೆಯಲ್ಲೇ ಮೇಲಕ್ಕೆದ್ದ.