ದೊಡ್ಡ ಚುಕ್ಕೆಯ ಪಕ್ಕದ ಸಣ್ಣ ಚುಕ್ಕೆಗಳು

"ಗುರುಗಳೇ, ನಿಮ್ಮ ಆಶ್ರಮಕ್ಕೆ ಬಂದ ಮೇಲೆ ನನಗೆ ಒಂದು ದಿನವೂ ಕೋಪ ಬಂದಿಲ್ಲ. ಕೋಪವನ್ನು ಗೆದ್ದಂತಾಯಿತಲ್ಲವೇ? ಇನ್ನು ನಾನೇ ಒಂದು ಆಶ್ರಮ ಕಟ್ಟಿ ನಾಲ್ಕು ಜನಕ್ಕೆ ಹೇಳಿಕೊಡಬಹುದೇ?" ಎಂದು ಶಿಷ್ಯ ಕೇಳಿದ. ಅಣ್ಣನ ಮೇಲೆ ಕೈಯೆತ್ತಿ ಮನೆ ಬಿಟ್ಟು ಬಂದವನು ಅವನು. ಹೌದು ಎಂಬ ಒಂದು ಮಾತಿಗಾಗಿ ಅವನ ಜೀವ ಕಾಯುತ್ತಿತ್ತು.

ಗುರುಗಳು ಕಾವಿ ಉಡುವ ಮೊದಲು ಕಾಲೇಜಿನಲ್ಲಿ ಜೀವಶಾಸ್ತ್ರದ ಮೇಷ್ಟರಾಗಿದ್ದವರು. "ಅವಸರವೇನಪ್ಪ, ಕೂತುಕೋ. ಒಂದು ಕತೆ ಕೇಳು," ಎಂದರು.

ಒಬ್ಬ ಸಂಶೋಧಕಿ ಇದ್ದಳು. ಕಣ್ಣಿಗೆ ಕಾಣದ ಡಿಎನ್‌ಎ ಉಂಗುರವೊಂದನ್ನು ಅವಳು ಜೋಡಿಸಿದ್ದಳು. ಪ್ಲಾಸ್ಮಿಡ್ ಎನ್ನುತ್ತಾರೆ ಅದನ್ನು. ಒಂದು ಔಷಧಿ ತಯಾರಿಸುವ ವಿದ್ಯೆ ಅದರಲ್ಲಿತ್ತು. ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ವಿಷವೊಂದನ್ನು ಒಡೆಯುವ ವಿದ್ಯೆಯೂ ಇತ್ತು. ಜೋಡಿಸುವುದರಲ್ಲೇ ಅವಳ ವರ್ಷಗಳು ಸವೆದಿದ್ದವು. ಶೀಶೆಯಲ್ಲಿ ಉಳಿದಿದ್ದು ಒಂದೇ ಹನಿ.

ಬ್ಯಾಕ್ಟೀರಿಯಾಗಳನ್ನು ಮಂಜುಗಡ್ಡೆಯಲ್ಲಿಟ್ಟು, ಆ ಹನಿಯನ್ನು ಬೆರೆಸಿ, ಥಟ್ಟನೆ ಬಿಸಿನೀರಿಗೆ ಹಿಡಿದು, ಮತ್ತೆ ಮಂಜಿಗೆ ಇಳಿಸಿದಳು. ಆ ಹೊಡೆತಕ್ಕೆ ಎಷ್ಟೋ ಸತ್ತವು. ಎಲ್ಲೋ ಕೆಲವು ಉಂಗುರವನ್ನು ಒಳಗೆಳೆದುಕೊಂಡವು. ಯಾವುವು ಎಂದು ತಿಳಿಯುವುದು ಹೇಗೆ? ವಿಷ ಬೆರೆಸಿದ ತಟ್ಟೆಯ ಮೇಲೆ ಎಲ್ಲವನ್ನೂ ಹರಡಿ ಬೆಚ್ಚನೆಯ ಪೆಟ್ಟಿಗೆಯಲ್ಲಿಡುವುದು. ಉಂಗುರವಿದ್ದವು ವಿಷವನ್ನು ಒಡೆದು ಬದುಕುತ್ತವೆ, ಉಳಿದವು ಬೆಳೆಯುವುದಿಲ್ಲ. ಬದುಕಿದವು ಮರುದಿನ ಬೆಳಗ್ಗೆ ಗುಂಪುಗುಂಪಾಗಿ ಬೆಳೆದು ಚುಕ್ಕೆಗಳಾಗಿ ಕಾಣುತ್ತವೆ. ಆಗಲೇ ತಟ್ಟೆಯನ್ನು ಹೊರತೆಗೆಯಬೇಕು.

ಅವಳು ತೆಗೆಯಲಿಲ್ಲ. ಸೋದರಮಾವನ ಮಗಳ ಮದುವೆಗೆ ಹೋದಳು. ಬಂದು ನೋಡಿದರೆ ತಟ್ಟೆ ತುಂಬಿತ್ತು. ದೊಡ್ಡ ಚುಕ್ಕೆಗಳು ಹರಡಿ ಒಂದಕ್ಕೊಂದು ಅಂಟಿದ್ದವು. ಸುತ್ತ ಸಣ್ಣ ಚುಕ್ಕೆಗಳು ಸಾಸಿವೆ ಚೆಲ್ಲಿದಂತೆ ಬಿಡಿಬಿಡಿಯಾಗಿ ನಿಂತಿದ್ದವು. ಅಂಟಿಕೊಂಡದ್ದನ್ನು ಮುಟ್ಟಬಾರದು, ಬಿಡಿಯಾದದ್ದನ್ನೇ ಎತ್ತಬೇಕು ಎಂದು ಅವಳು ಕಲಿತಿದ್ದಳು. ಹಾಗೆಯೇ ಮಾಡಿದಳು. ಸಣ್ಣವನ್ನು ಹಲ್ಲುಕಡ್ಡಿಯಿಂದ ಎತ್ತಿ, ವಿಷವಿದ್ದ ಹೊಸ ತಟ್ಟೆಗೆ ಮುಟ್ಟಿಸಿದಳು. ಹಳೆಯ ತಟ್ಟೆಯನ್ನು ಆವಿಯಲ್ಲಿ ಬೇಯಿಸಿ ಎಸೆಯಲು ಹೊರಟಳು.

"ಏನಮ್ಮಾ, ಮದುವೆ ಊಟದ ಮಂಪರು ಇನ್ನೂ ಇಳಿದಿಲ್ಲವೇ? ಹೊಸದು ಬೆಳೆಯುವವರೆಗಾದರೂ ಹಳೆಯದನ್ನು ಇಟ್ಟುಕೋ," ಎಂದ ಪಕ್ಕದ ಮೇಜಿನವನು.

"ವಿಷದಲ್ಲೂ ಬದುಕಿವೆಯಲ್ಲ ಸಾರ್, ಇನ್ನೇನು ಸಾಕ್ಷಿ ಬೇಕು?" ಎಂದು ನಕ್ಕಳು. ಬೇಯಿಸಿಯೇ ಬಿಟ್ಟಳು.

ಬೆಳಗ್ಗೆ ಹೊಸ ತಟ್ಟೆ ಬೋಳಾಗಿತ್ತು. ಸಣ್ಣವುಗಳಲ್ಲಿ ಉಂಗುರವೇ ಇರಲಿಲ್ಲ. ದೊಡ್ಡವು ತಮ್ಮ ಸುತ್ತಲಿನ ವಿಷವನ್ನೂ ಒಡೆದು ಹಾಕಿದ್ದವು. ಆ ಜಾಗದಲ್ಲಿ ಇವು ತಣ್ಣಗೆ ಬೆಳೆದಿದ್ದವು, ಅಷ್ಟೇ. ಉಂಗುರವಿದ್ದವು ಬೆಂದುಹೋಗಿದ್ದವು. ಶೀಶೆ ಬರಿದಾಗಿತ್ತು. ಅವಳು ಮತ್ತೆ ಆ ಪ್ರಯೋಗಶಾಲೆಯ ಮೆಟ್ಟಿಲು ಹತ್ತಲಿಲ್ಲ.

ಶಿಷ್ಯನ ಕಣ್ಣ ಮುಂದೆ ಅಣ್ಣನ ಮುಖ ಬಂತು. ಹಳೆಯ ಕೋಪ ಹಾಗೆಯೇ ಇತ್ತು. "ಆಶ್ರಮ ಕಟ್ಟುವ ಮಾತು ಬೇಡ ಗುರುಗಳೇ. ನಾನು ಇಲ್ಲೇ, ನಿಮ್ಮ ಪಕ್ಕದಲ್ಲೇ ಇದ್ದುಬಿಡುತ್ತೇನೆ," ಎಂದ.

"ಇರಪ್ಪ, ಆದರೆ ನಾನಿರುವುದಿಲ್ಲವಲ್ಲ, ಈ ತಿಂಗಳು ದಾಟುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿದೆ," ಎಂದರು ಗುರುಗಳು.